ಹಗೇವಿಗಿಳಿದ ಬೀರು

ಆರು ಸಾವಿರದ ಎಂಟುನೂರು ರೂಪಾಯಿ. ಅಂಗೈಯಗಲದ ಒಂದು ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆಗೆ ಕಳೆದ ವಾರ ಹೈದರಾಬಾದಿನಲ್ಲಿ ನಾನು ಕೊಟ್ಟ ಬೆಲೆ ಇದು. ಚೌಕಾಶಿ ಮಾಡಲಿಲ್ಲ. ಅಂಗಡಿಯವ ಹೇಳಿದ, ನಾನು ಕೊಟ್ಟೆ. ಎಷ್ಟೋ ವರ್ಷಗಳಿಂದ ನನ್ನೊಂದಿಗೆ ಜಗಳವಾಡುತ್ತಲೇ ವ್ಯಾಪಾರ ಮಾಡಿದ ಆ ಮನುಷ್ಯ ಗಾಬರಿಯಾಗಿ, "ಕ್ಯಾ ಹುವಾ ಸೇಟ್, ತಬಿಯತ್ ಠೀಕ್ ನಹೀ ಕ್ಯಾ?" ಎಂದು ಕುರ್ಚಿ ಎಳೆದುಕೊಟ್ಟ. ಮನೆಗೆ ಬಂದು ರೇಟು ಹೇಳಿದಾಗ ನನ್ನ ಹೆಂಡತಿಯೂ ನನ್ನ ಹಣೆ ಮುಟ್ಟಿ ನೋಡಿದಳು.

ಬೀರನ್ನು ಪೀಪಾಯಿಯಿಂದ ಮೇಲಕ್ಕೆ ತಳ್ಳುವ ಗ್ಯಾಸು ಇರುತ್ತದಲ್ಲ, ಅದು ಕೋಣೆಯಲ್ಲಿ ಸೋರಿ ತುಂಬಿದರೆ ಕೂಗಿ ಹೇಳುವ ಪೆಟ್ಟಿಗೆ ಅದು. ಸೇಡಂನ ನನ್ನ ಗೆಳೆಯ ಮಲ್ಲಣ್ಣನ ಬಾರಿನಲ್ಲಿ ಇದ್ದ ಹಳೆಯ ಪೆಟ್ಟಿಗೆಯ ಆಯಸ್ಸು ಮುಗಿದಿತ್ತು; ಇವಕ್ಕೂ ಆಯಸ್ಸು ಇರುತ್ತದೆ. ಹೊಸದನ್ನು ಒಯ್ದು ಕೊಡುವ ಮೊದಲು ಮನೆಯಲ್ಲೇ ಅದರ ಗುಂಡಿ ಒತ್ತಿ ನೋಡಿದೆ. ಕೀಂ ಎಂದು ಅದು ಅರಚಿದ್ದೇ ತಡ, ಕೈಯಲ್ಲಿದ್ದ ಚಹಾ ನನ್ನ ಲುಂಗಿಯ ಮೇಲಿತ್ತು. ನಗಬೇಡಿ. ಆ ಪೆಟ್ಟಿಗೆ ಕಾಯುವುದು ಮಲ್ಲಣ್ಣನ ಉಸಿರನ್ನು. ಆ ಉಸಿರು ಒಮ್ಮೆ ಹಾಡಹಗಲಲ್ಲಿ, ನನ್ನಿಂದ ಒಂದು ಏಣಿಯಷ್ಟು ದೂರದಲ್ಲಿ, ನಿಂತೇಹೋಗುವುದರಲ್ಲಿತ್ತು. ಹಲವು ಬೇಸಿಗೆಗಳು ಕಳೆದರೂ, ಅದು ಉಳಿಯಿತೆಂದು ನನ್ನ ಎದೆ ಇನ್ನೂ ನಂಬಿಲ್ಲ.

ನನ್ನ ಕಸುಬು ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೀರಿನ ಬಗ್ಗೆ ಇಷ್ಟು ತಿಳಿದವನನ್ನು ನೀವು ಕುಡುಕನೆಂದೇ ತೀರ್ಮಾನಿಸುತ್ತೀರಿ. ಹೈದರಾಬಾದಿನಲ್ಲಿ ಬಾಗಿಲು ಮುಚ್ಚಿದ ಹೋಟೆಲುಗಳ ಫ್ರಿಜ್ಜು, ದೋಸೆಯ ಕಾವಲಿ, ಕುರ್ಚಿ ಮೇಜುಗಳನ್ನು ಕೊಂಡು, ತೊಳೆದು, ರಿಪೇರಿ ಮಾಡಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಬಾಗಿಲು ತೆರೆಯುವ ಹೋಟೆಲುಗಳಿಗೆ ಮಾರುವವನು ನಾನು. ಒಬ್ಬರ ಮುಳುಗು ಇನ್ನೊಬ್ಬರ ಮುಹೂರ್ತ; ನಡುವೆ ನನ್ನ ಊಟ. ವಾಡಿ ಜಂಕ್ಷನ್ನಿನಲ್ಲಿ ರೈಲು ನಿಂತಷ್ಟು ಹೊತ್ತಿನೊಳಗೆ ಚಹಾ ಮಾರಿ ಬೆಳೆದವನು. ಕಿಟಕಿಯ ಸರಳಿನ ಹಿಂದಿನ ಮುಖ ಕಂಡೊಡನೆ, ಇವನು ಚಿಲ್ಲರೆ ಕೇಳುವವನೋ ಬಿಟ್ಟುಹೋಗುವವನೋ ಎಂದು ಹೇಳುತ್ತಿದ್ದೆ. ಮನುಷ್ಯರನ್ನು ಓದುವುದೇ ನನ್ನ ಬಂಡವಾಳ. ಯಂತ್ರಗಳನ್ನೂ ಹಾಗೆಯೇ ಓದಬಹುದು ಎಂದುಕೊಂಡಿದ್ದೆ.

ಡ್ರಾಫ್ಟ್ ಬೀರಿನ ಯಂತ್ರ ನನ್ನ ಕೈಗೆ ಬಂದದ್ದು ಹಾಗೆ ಮುಚ್ಚಿದ ಒಂದು ಹೋಟೆಲಿನಿಂದ. ಬಾಟಲಿ ಇಲ್ಲ, ಬಿರಡೆ ಇಲ್ಲ. ಉಕ್ಕಿನ ಪೀಪಾಯಿಯೊಳಗೆ ಬೀರು. ಪಕ್ಕದ ಸಿಲಿಂಡರಿನ ಗ್ಯಾಸು ಅದನ್ನು ಒತ್ತುತ್ತದೆ. ಉದ್ದದ ನಳಿಗೆಯಲ್ಲಿ ಹರಿದು, ದಾರಿಯಲ್ಲಿ ತಂಪಾಗಿ, ನಲ್ಲಿಯ ಹಿಡಿಕೆ ಎಳೆದರೆ ಗ್ಲಾಸಿಗೆ ಇಳಿಯುತ್ತದೆ. ಅದನ್ನು ನೋಡಿದ ಕೂಡಲೇ ಮಲ್ಲಣ್ಣನ ಕಣ್ಣು ಅರಳಿತು. ಸಿಮೆಂಟ್ ಕಾರ್ಖಾನೆಗಳ ಕಡೆ ಹೋಗುವ ರಸ್ತೆಯಲ್ಲಿ, ತನ್ನ ಹಳೆಯ ಮನೆಯ ಮುಂಭಾಗವನ್ನೇ ಒಡೆದು ಬಾರು ಮಾಡಿಕೊಂಡವನು ಅವನು. ಹಿಂದೆ ಮನೆ, ಮುಂದೆ ಬಾರು, ಗಲ್ಲಾಪೆಟ್ಟಿಗೆಯ ಮೇಲೆ ಅವನ ಹೆಂಡತಿ ಸುವರ್ಣಾ.

"ಬಾಟ್ಲಿ ಎಲ್ಲಾರ ಹತ್ರನೂ ಅದ, ದೋಸ್ತ. ನಾಕು ತಾಲೂಕಿನಾಗ ಯಾರ ಹತ್ರನೂ ಇಲ್ಲದ್ದು ನನ್ನ ಹತ್ರ ಇರಬೇಕು ನೋಡು," ಎಂದ.

"ಇವರ ಹೊಟ್ಟಿ ಯಾರ ಹತ್ರನೂ ಇಲ್ಲ ನೋಡ್ರಿ, ಅದೇ ಸಾಲ್ದೇನು?" ಎಂದಳು ಸುವರ್ಣಾ. ಅವಳು ಚಿಂಚೋಳಿಯ ಆಚೆ ಕುಂಚಾವರಂ ಕಡೆಯ ಹೆಣ್ಣುಮಗಳು. ಸಿಟ್ಟು ಬಂದರೆ ತೆಲುಗು, ತಮಾಷೆಗೆ ಕನ್ನಡ, ಲೆಕ್ಕಕ್ಕೆ ಮೌನ.

ಮೊದಲ ದಿನ ಹಿಡಿಕೆ ಎಳೆದಾಗ ಗ್ಲಾಸಿನ ತುಂಬ ನೊರೆ. ಎರಡನೆಯ ಗ್ಲಾಸು, ಅದೂ ನೊರೆ. ಕಾರ್ಖಾನೆಯ ಗುತ್ತಿಗೆದಾರನೊಬ್ಬ ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿ, "ಮಲ್ಲಣ್ಣಾ, ಕುಡೀಲಿಕ್ಕ ಕೊಟ್ಟಿಯೋ, ದಾಡಿ ಮಾಡ್ಕೊಳ್ಳಿಕ್ಕ ಕೊಟ್ಟಿಯೋ?" ಎಂದ. ಇನ್ನೊಬ್ಬ, "ತೊಗರಿಬ್ಯಾಳಿ ಕುದ್ದಂಗ ಉಕ್ಕಲಿಕತ್ತದಲ್ಲೋ, ಮ್ಯಾಲಿನ ನೊರಿ ತಗದು ಒಗ್ಗರಣಿ ಹಾಕು!" ಎಂದ. ಇಡೀ ಬಾರು ನಕ್ಕಿತು. ಮಲ್ಲಣ್ಣ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಮಾರಿದ ಸಾಮಾನು ವಾಪಸು ಬರುವ ಮುನ್ನ ಬರುವ ನೋಟ ಅದು. ನನಗೆ ಅದರ ಪರಿಚಯವಿದೆ.

ನಾನು ಸಾಮಾನು ವಾಪಸು ತೆಗೆದುಕೊಳ್ಳುವವನಲ್ಲ, ರಿಪೇರಿ ಮಾಡುವವನು. ಪಟ್ಟು ಹಿಡಿದು ಕೂತೆ. ಮೊದಲು ಗೊತ್ತಾದದ್ದು ರಸ್ತೆಯ ಕರಾಮತ್ತು. ಕಲಬುರಗಿಯಿಂದ ಸೇಡಂಗೆ ಟೆಂಪೋದಲ್ಲಿ ಕುಣಿಯುತ್ತ ಬಂದ ಪೀಪಾಯಿಗೆ ಇಳಿದ ಕೂಡಲೇ ನಳಿಗೆ ಜೋಡಿಸಿದರೆ ಅದು ನೊರೆಯನ್ನಲ್ಲದೆ ಇನ್ನೇನು ಕೊಟ್ಟೀತು? ಬೀಗರು ಬಂದರೆ ಕಾಲು ತೊಳೆಯಲು ನೀರು ಕೊಟ್ಟು ಕೂರಿಸುತ್ತೇವಲ್ಲ, ಪೀಪಾಯಿಯನ್ನೂ ಹಾಗೆ ಒಂದು ದಿನ ತಂಪಿನಲ್ಲಿ ಸುಮ್ಮನೆ ಕೂರಿಸಬೇಕು. ಎರಡನೆಯದು, ಕೈಯ ಅಂಜಿಕೆ. ಚೆಲ್ಲೀತು ಎಂದು ಹಿಡಿಕೆಯನ್ನು ಅರ್ಧ ಎಳೆದರೆ ಬೀರು ಸಂದಿಯಲ್ಲಿ ನುಗ್ಗಿ ನೊರೆಯಾಗುತ್ತದೆ. ಎಳೆದರೆ ಪೂರ್ತಿ ಎಳೆಯಬೇಕು, ಗ್ಲಾಸನ್ನು ಓರೆ ಹಿಡಿಯಬೇಕು.

ನೊರೆ ಕಡಿಮೆಯಾಗಲಿ ಎಂದು ಮಲ್ಲಣ್ಣ ನನಗೆ ಹೇಳದೆ ಗ್ಯಾಸಿನ ಒತ್ತಡ ಇಳಿಸಿಬಿಟ್ಟಿದ್ದ. ಮರುದಿನ ಬೀರು ಸಪ್ಪೆ. ಅದೇ ಗುತ್ತಿಗೆದಾರ ಈಗ, "ನೊರಿನೇ ಇಲ್ಲಲ್ಲೋ, ಎಲ್ಲಾ ನೀನೇ ಕುಡದಿಯೇನು?" ಎಂದ. ಗಿರಾಕಿಯನ್ನು ಮೆಚ್ಚಿಸುವುದು ದೇವರಿಗೂ ಆಗದ ಕೆಲಸ. ಒತ್ತಡ ಸರಿಮಾಡಿದೆ, ಈಗ ನೊರೆ ಬಂದರೂ ಗ್ಲಾಸಿನಲ್ಲಿ ಉಳಿಯಲೊಲ್ಲದು. ಹೋಗಿ ನೋಡಿದರೆ, ಮಿರ್ಚಿಭಜಿ ತಿಂದ ತಟ್ಟೆಗಳನ್ನೂ ಬೀರಿನ ಗ್ಲಾಸುಗಳನ್ನೂ ಒಂದೇ ಬಕೆಟ್ಟಿನಲ್ಲಿ ಅದ್ದುತ್ತಿದ್ದರು. ಎಣ್ಣೆಯ ಪಸೆ ಇದ್ದಲ್ಲಿ ನೊರೆ ನಿಲ್ಲುವುದಿಲ್ಲ. ಗ್ಲಾಸಿಗೆ ಬೇರೆ ಬಕೆಟ್ಟು ಇಡಿಸಿದೆ, ಬಟ್ಟೆಯಿಂದ ಒರೆಸದೆ ಬೋರಲು ಹಾಕಿ ಒಣಗಿಸಲು ಹೇಳಿದೆ. ಹುಳಿ ವಾಸನೆ ಬರತೊಡಗಿದಾಗ ನಳಿಗೆಯೊಳಗೆ ತೊಳೆಯುವ ಔಷಧಿ ಹಾಯಿಸಿ, ಅದರ ಸುಳಿವೂ ಉಳಿಯದಂತೆ ನೀರು ಹಾಯಿಸಿದೆ. ಹದಿನೈದು ದಿನಕ್ಕೊಮ್ಮೆ ಇದನ್ನು ಮಾಡದವನು ಬೀರು ಮಾರಬಾರದು, ಉಪ್ಪಿನಕಾಯಿ ಮಾರಬೇಕು.

ಉಳಿದದ್ದು ಒಂದೇ: ಬಿಸಿಲು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಿದ್ದರೆ ಹೇಳಬೇಕಿಲ್ಲ, ಗೊತ್ತಿಲ್ಲದಿದ್ದರೆ ಹೇಳಿ ಪ್ರಯೋಜನವಿಲ್ಲ. ಮಧ್ಯಾಹ್ನ ಊರಿನ ಎಲ್ಲ ಕೂಲರುಗಳೂ ಒಟ್ಟಿಗೆ ಗರ್ ಎಂದವೆಂದರೆ ಕರೆಂಟು ಸೊರಗುತ್ತಿತ್ತು, ಯಂತ್ರದ ತಂಪು ಪೆಟ್ಟಿಗೆ ಕೈಚೆಲ್ಲುತ್ತಿತ್ತು. ಬೆಚ್ಚಗಾದ ಬೀರಿಗೆ ಯಾವ ರಿಪೇರಿಯೂ ಇಲ್ಲ. ನೊರೆಯೇ ಅದರ ಗತಿ. ಮಲ್ಲಣ್ಣ ಕೈಯಲ್ಲಿದ್ದದ್ದನ್ನೆಲ್ಲ ಆ ಯಂತ್ರಕ್ಕೆ ಸುರಿದು ಕೂತಿದ್ದ. ಅವನ ಮುಖ ನೋಡಲಾಗುತ್ತಿರಲಿಲ್ಲ.

ಆಗ ಹೊಳೆದದ್ದು ಹಗೇವು. ನಿಮ್ಮ ಕಡೆ ಇಲ್ಲದಿದ್ದರೆ ತಿಳಿದುಕೊಳ್ಳಿ. ಹಿಂದಿನವರು ಜೋಳ ತುಂಬಿಡಲು ಅಂಗಳದಲ್ಲಿ ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಸಣ್ಣದು, ಒಳಗೆ ಗಡಿಗೆಯ ಹೊಟ್ಟೆಯಂತೆ ಅಗಲ. ಮಲ್ಲಣ್ಣನ ಹಿತ್ತಲಲ್ಲಿದ್ದದ್ದಕ್ಕೆ ಶಹಾಬಾದಿ ಫರ್ಸಿಯ ಒಳಗೋಡೆ, ಮೇಲೆ ಅದೇ ಕಲ್ಲಿನ ಮುಚ್ಚಳ. ಜೋಳ ತುಂಬುವುದು ನಿಂತು ಎಷ್ಟೋ ವರ್ಷವಾಗಿತ್ತು. ಕಲ್ಲು ಸರಿಸಿ ಕೈ ಇಳಿಬಿಟ್ಟೆ. ಮೇಲೆ ಬೆಂಕಿ, ಕೆಳಗೆ ಬಾವಿಯ ನೆರಳು. ಪೀಪಾಯಿಯನ್ನು ಅಲ್ಲಿಳಿಸಿ, ಸುತ್ತ ಬರ್ಫದ ಗಡ್ಡೆ ಇಟ್ಟು, ಮರದ ಹೊಟ್ಟು ಸುರಿದು, ಗೋಣಿ ಸುತ್ತಿದರೆ ಕರೆಂಟಿನ ಹಂಗೇ ಇಲ್ಲ! ಗ್ಯಾಸಿನ ನಳಿಗೆ ಗಿಡ್ಡವಿತ್ತು. ಉದ್ದದ್ದು ಕೊಳ್ಳುವ ಬದಲು ಸಿಲಿಂಡರನ್ನೇ ಕೆಳಗಿಳಿಸಿದೆ. ನನಗೆ ನನ್ನ ಬುದ್ಧಿಯ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಆ ನೊರೆಯನ್ನು ಯಾವ ನಲ್ಲಿಯೂ ತಡೆಯುತ್ತಿರಲಿಲ್ಲ.

ಮೊದಲ ಸಲ ಇಳಿಯುವಾಗ ಸುವರ್ಣಾ ಅಡ್ಡ ಬಂದಳು. ಕಂದೀಲು ಹಚ್ಚಿ, ಹಗ್ಗ ಕಟ್ಟಿ, ಒಳಗೆ ಇಳಿಬಿಟ್ಟಳು. "ನಮ್ಮ ತವರಾಗ ದೀಪ ಬಿಡಲಾರ್ದ ಹಗೇವಿಗೆ ಯಾರೂ ಇಳಿಯಂಗಿಲ್ರಿ ಅಣ್ಣಾರ. ಒಳಗ ಕೆಟ್ಟ ಗಾಳಿ ಇರ್ತದ."

"ಅದು ಜ್ವಾಳದ ಗಾಳಿ ಮಾರಾಯ್ತಿ. ಈಗ ಒಳಗ ಜ್ವಾಳ ಎಲ್ಲಿ ಅದ? ಬೀರೇನು ಉಸಿರು ಬಿಡ್ತದೇನು?" ಎಂದು ಮಲ್ಲಣ್ಣ ನಕ್ಕ. ನಾನೂ ನಕ್ಕೆ. ದೀಪ ನೆಟ್ಟಗೆ ಉರಿಯಿತು. ಸುವರ್ಣಾಳೂ ಸಮಾಧಾನಪಟ್ಟಳು. ಆ ದಿನದ ದೀಪದ ಸಾಕ್ಷಿಯನ್ನು ನಾವು ಬೇಸಿಗೆಗೆಲ್ಲ ಸಾಕು ಎಂದುಕೊಂಡೆವು.

ಬೀರು ಬಂತು ನೋಡಿ! ಚಿನ್ನದ ಬಣ್ಣ, ಮೇಲೆ ಎರಡು ಬೆರಳಿನ ನೊರೆ, ಗ್ಲಾಸಿನ ಹೊರಗೆ ಬೆವರು. ಗುತ್ತಿಗೆದಾರ ತಮಾಷೆ ಬಿಟ್ಟು ಇನ್ನೊಂದು ಕೇಳಿದ; ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವುದು? ಚಿತ್ತಾಪುರದಿಂದ ಕಾರು ಮಾಡಿಕೊಂಡು ಬಂದು ಕುಡಿದುಹೋದರು. ಶಹಾಬಾದಿನ ಒಬ್ಬ ಬಾರಿನವನು ನನ್ನನ್ನು ಪಕ್ಕಕ್ಕೆ ಕರೆದು, "ನಮ್ಮಲ್ಲೂ ಹಳೇ ಹಗೇವು ಅದರಿ," ಎಂದು ಪಿಸುಗುಟ್ಟಿದ. ಅದನ್ನು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ.

ಆದರೆ ಸಿಲಿಂಡರು ಬೇಗ ಖಾಲಿಯಾಯಿತು. ಪೀಪಾಯಿಯಲ್ಲಿ ಬೀರು ಇನ್ನೂ ಉಳಿದಿರುವಾಗಲೇ ಗ್ಯಾಸು ಮುಗಿದಿತ್ತು. ಇಲ್ಲಿ ನಿಲ್ಲಿ, ಓದುಗರೇ. ಯಾವ ದಡ್ಡನಾದರೂ ಆಗ ಒಂದು ಪ್ರಶ್ನೆ ಕೇಳುತ್ತಿದ್ದ: ಗ್ಯಾಸು ಎಲ್ಲಿ ಹೋಯಿತು? ನಾನು ಜಾಣ. ನಾನು ಕೇಳಿದ್ದು: ಯಾರು ತಿಂದರು? ವಾಡಿಯಲ್ಲಿ ಗ್ಯಾಸು ತುಂಬಿಕೊಡುವ ಖಾದರಭಾಯಿಯ ಅಂಗಡಿಗೆ ಹೋಗಿ ಗಲ್ಲಾಪೆಟ್ಟಿಗೆಯ ಮೇಲೆ ಕೈ ಬಡಿದೆ.

"ಖಾದರಭಾಯಿ, ಅರ್ಧ ತುಂಬಿ ಪೂರಾ ರೊಕ್ಕ ತಗೊಂಡೀರಿ."

"ತೋಬಾ ತೋಬಾ! ತೂಕ ಮಾಡಿ ಕೊಟ್ಟೀನಿ ಭಾಯಿ, ನೀವೇ ಕಾಟಾ ನೋಡೀರಿ. ನಿಮ್ಮ ಕಡೀಗೇ ಎಲ್ಲೋ ಸೋರಲಿಕತ್ತದ. ಸಾಬೂನಿನ ನೀರು ಹಚ್ಚಿ ನೋಡ್ರಿ, ಗುಳ್ಳಿ ಬರ್ತಾವು."

"ಸಾಬೂನಿನ ಮಾತು ಬ್ಯಾರೇದವ್ರಿಗೆ ಹೇಳ್ರಿ. ನನಗ ರೇಟಿನ ಮಾತು ಹೇಳ್ರಿ."

ಅವನ ಚಹಾ ಕುಡಿದು, ಅವನ ತಲೆ ತಿಂದು, ಕೊನೆಗೆ ಅರ್ಧ ಬೆಲೆಗೆ ತುಂಬಿದ ಸಿಲಿಂಡರು ಹೊತ್ತು ತಂದೆ. ಗೆದ್ದೆ ಎಂದುಕೊಂಡು ಹಾಡುತ್ತ ಬಂದೆ. ಸಂಜೆ, ಹಗಲೆಲ್ಲ ಕಲ್ಲು ಸರಿಸಿಯೇ ಇದ್ದ ಹಗೇವಿಗಿಳಿದು ಅದನ್ನು ಜೋಡಿಸಿದೆ. ಸಿಲಿಂಡರಿನ ಬಾಯಿಗೂ ಒತ್ತಡ ತೋರಿಸುವ ರೆಗ್ಯುಲೇಟರಿಗೂ ನಡುವೆ ಒಂದು ಪುಟ್ಟ ವಾಶರು ಇರುತ್ತದೆ. ಸಿಲಿಂಡರು ಬದಲಿಸಿದಾಗಲೆಲ್ಲ ಅದನ್ನೂ ಬದಲಿಸಬೇಕು. ಹಳೆಯದೇ ಚೆನ್ನಾಗಿ ಕಂಡಿತು, ತಿರುಗಿಸಿ ಹಾಕಿ ಬಿಗಿದೆ. ಮೇಲೆ ಬಂದು ಕಲ್ಲು ಮುಚ್ಚಿದೆವು.

ಮರುದಿನ ಸಂಜೆಗೆ ಕಾರ್ಖಾನೆಯ ಸಾಹೇಬರೊಬ್ಬರ ಬೀಳ್ಕೊಡುಗೆಯ ಪಾರ್ಟಿ. ಮಧ್ಯಾಹ್ನವೇ ನಾನು ಬಂದಿದ್ದೆ. ಸುವರ್ಣಾ ಹಿತ್ತಲಲ್ಲಿ ಕೊತ್ತಂಬರಿ ಸೋಸುತ್ತಿದ್ದಳು. ಮಲ್ಲಣ್ಣ ಕಲ್ಲು ಸರಿಸಿ, ಏಣಿ ಇಳಿಬಿಟ್ಟು, "ಬರ್ಫ ಎಷ್ಟು ಉಳದದ ನೋಡಿ ಬರ್ತೀನಿ," ಎಂದು ಇಳಿದ. ಇಳಿಯುತ್ತಲೂ ಬಾಯಿ ನಿಲ್ಲಲಿಲ್ಲ ಅವನದು. "ಏ ಸುವರ್ಣಾ, ಪಕೋಡಾಕ್ಕ ಹೊಸಾ ಎಣ್ಣಿ ಹಾಕಂತ ಆ ಭಟ್ಟಗ ಹೇಳು, ನಿನ್ನಿದು ಕಪ್ಪ..."

ಅಷ್ಟೇ. ಮಾತು ಅರ್ಧಕ್ಕೆ ನಿಂತಿತು.

ತಮಾಷೆ ಎಂದುಕೊಂಡೆ. ಬಗ್ಗಿ ನೋಡಿದೆ. ಪೀಪಾಯಿಗೆ ತಲೆ ಆನಿಸಿ, ಊಟವಾದ ಮೇಲೆ ಕಟ್ಟೆಗೆ ಒರಗಿ ಕೂತವನಂತೆ ಕೂತಿದ್ದ. ಬಾಯಿ ಅರ್ಧ ತೆರೆದಿತ್ತು. ಸದ್ದಿಲ್ಲ, ಹೊಗೆಯಿಲ್ಲ, ವಾಸನೆಯಿಲ್ಲ. ಏನೂ ಆಗದಂತೆಯೇ ಎಲ್ಲವೂ ಆಗಿತ್ತು. "ಮಲ್ಲ್ಯಾ!" ಎಂದು ಕೂಗಿದೆ. ನನ್ನ ಕಾಲು ತಾನಾಗಿ ಏಣಿಯ ಮೇಲಿತ್ತು. ಎರಡನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಕುತ್ತಿಗೆಗೆ ಉರುಲು ಬಿದ್ದಂತಾಯಿತು. ಸುವರ್ಣಾ ಹಿಂದಿನಿಂದ ನನ್ನ ಕಾಲರು ಹಿಡಿದು ಜಗ್ಗುತ್ತಿದ್ದಳು.

"ಕಾಲು ಮ್ಯಾಲ ತಗೀರಿ! ಮ್ಯಾಲ ತಗೀರಿ ಅಂತೀನಿ!"

"ಬಿಡವ್ವಾ, ಅಂವ ಸಾಯ್ತಾನ!"

"ನೀವು ಇಳದ್ರ ಇಬ್ಬರೂ ಸಾಯ್ತೀರಿ! ನಮ್ಮೂರಾಗ ಒಬ್ಬನ್ನ ತೆಗೀಲಿಕ್ಕ ಇಳದು ಅವರಣ್ಣ ಹೋದ, ಅವರಣ್ಣನ್ನ ತೆಗೀಲಿಕ್ಕ ಇಳದು ಅವರಪ್ಪ ಹೋದ. ಗಾಳಿ ಬಿಡಬೇಕು, ಗಾಳಿ! ಪಂಕ್ಚರ್ ಅಂಗಡಿ ಪೈಪ್ ತರ್ರಿ! ಅಯ್ಯೋ ದೇವುಡಾ, ಓಡ್ರಿ!"

ಕೆಳಗೆ ಕೂತದ್ದು ಅವಳ ಗಂಡ. ಹಿಡಿದು ನಿಲ್ಲಿಸಿದ್ದು ನನ್ನನ್ನು. ಇದು ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಆಗ ಬರೀ ಓಡಿದೆ. ಪಕ್ಕದ ಪಂಕ್ಚರ್ ಅಂಗಡಿಯವನು ಅವಳ ಕೂಗು ಕೇಳಿ, ನನ್ನ ಮುಖ ನೋಡಿಯೇ ಕಂಪ್ರೆಸರು ಚಾಲು ಮಾಡಿ ಗಾಳಿಯ ಪೈಪು ಗೋಡೆಯ ಮೇಲಿಂದ ಎಸೆದ. ಅದನ್ನು ಮಲ್ಲಣ್ಣನ ಮುಖದ ಹತ್ತಿರಕ್ಕೆ ಇಳಿಬಿಟ್ಟೆವು. ಸುವರ್ಣಾ ಅಷ್ಟರೊಳಗೆ ಎದುರುಮನೆಯಿಂದ ಪಾತಾಳಗರಡಿ ಹೊತ್ತು ತಂದಿದ್ದಳು. ಬಾವಿಗೆ ಬಿದ್ದ ಕೊಡ ತೆಗೆಯುವ, ಕೊಕ್ಕೆಗಳ ಗೊಂಚಲು. ಅವಳೇ ಮಂಡಿಯೂರಿ ಅದನ್ನು ಇಳಿಸಿದಳು. ಒಮ್ಮೆ ಗೋಣಿಗೆ ಸಿಕ್ಕಿತು. ಒಮ್ಮೆ ಅಂಗಿಗೆ ಸಿಕ್ಕಿ ಅಂಗಿ ಹರಿಯಿತು. ಕೊನೆಗೆ ಅವನ ದಪ್ಪ ಚರ್ಮದ ಬೆಲ್ಟಿಗೆ ಕೊಕ್ಕೆ ಕೂತಿತು. ಬಾರಿನ ಭಟ್ಟ, ಪಂಕ್ಚರಿನವನು, ಎದುರುಮನೆಯವರು, ನಾನು, ಎಲ್ಲರೂ ಹಗ್ಗಕ್ಕೆ ಬಿದ್ದೆವು. ನನ್ನ ಗೆಳೆಯ ನಡು ಬಾಗಿ, ಕೈಕಾಲು ಜೋಲುಬಿಟ್ಟು, ಕೊಡದಂತೆ ಮೇಲೆ ಬಂದ.

ತುಟಿ ನೀಲಿ, ಮುಖ ಬೂದಿ. ಬೇವಿನ ನೆರಳಲ್ಲಿ ಮಲಗಿಸಿದೆವು. ಸುವರ್ಣಾ ಎದೆಯ ಮೇಲೆ ಕಿವಿಯಿಟ್ಟಳು. ಊರೆಲ್ಲ ಸುತ್ತ ನಿಂತಿತ್ತು. ಆಮೇಲೆ ಅವನ ಗಂಟಲಲ್ಲಿ ಏನೋ ಗೊರ್ ಎಂದಿತು. ಎಳೆದ ಉಸಿರು, ಮತ್ತೊಂದು ಉಸಿರು, ವಾಂತಿ. ಕಣ್ಣು ಬಿಟ್ಟವನು ಯಾರನ್ನೋ ಹುಡುಕಿ, ಸುವರ್ಣಾಳನ್ನು ಕಂಡು, "ಎಣ್ಣಿ ಬದಲ ಮಾಡಿದ್ರೇನು?" ಎಂದ.

ಜನ ನಕ್ಕರು, ಅಳುವವರು ಅತ್ತರು. ಸುವರ್ಣಾ ಎರಡನ್ನೂ ಮಾಡದೆ ಅವನ ಪಕ್ಕದಲ್ಲೇ ಕೂತಳು. ಅವಳ ಕೈಬಳೆಗೆ ನನ್ನ ಅಂಗಿಯ ಕಾಲರಿನ ಚೂರು ಸಿಕ್ಕಿಕೊಂಡೇ ಇತ್ತು.

ಕಲಬುರಗಿಯ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿ ಮಲಗಿಸಿಕೊಂಡರು. ಪೀಪಾಯಿಗೆ ಒರಗಿ ಕೂತದ್ದರಿಂದ ಉಳಿದ, ಉದ್ದಕ್ಕೆ ಬಿದ್ದಿದ್ದರೆ ಮುಗಿಯುತ್ತಿತ್ತು ಎಂದರು ಡಾಕ್ಟರು. ಆ ಗ್ಯಾಸು ಗಾಳಿಗಿಂತ ಭಾರ, ನೀರಿನಂತೆ ತಳದಲ್ಲಿ ತುಂಬುತ್ತದಂತೆ. ಅದು ನನಗೂ ಗೊತ್ತಿತ್ತೆನ್ನಿ. ಗೊತ್ತಿಲ್ಲದ್ದು ಆಮೇಲೆ ಅವರು ಹೇಳಿದ್ದು. ಜೋಳ ತುಂಬಿದ ಹಗೇವಿನ ಕೆಟ್ಟ ಗಾಳಿಯೂ, ಬೀರು ತಳ್ಳುವ ಗ್ಯಾಸೂ ಒಂದೇ. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತುಬಿಟ್ಟೆ. ನನಗೆ ಗ್ಯಾಸು ಗೊತ್ತಿತ್ತು, ಸುವರ್ಣಾಳಿಗೆ ಹಗೇವು ಗೊತ್ತಿತ್ತು, ಇಬ್ಬರೂ ಒಂದೇ ಅಂಗಳದಲ್ಲಿ ಚಹಾ ಕುಡಿದಿದ್ದೆವು. ಜೋಳವಿಲ್ಲದ ಹಗೇವಿನೊಳಗೆ ಜೋಳದ ಗಾಳಿಯನ್ನು ಸಿಲಿಂಡರಿನಲ್ಲಿ ತುಂಬಿ, ಚೌಕಾಶಿ ಮಾಡಿ, ಹೊತ್ತು ತಂದು ಇಳಿಸಿದವನು ನಾನೇ.

ಸಿಲಿಂಡರನ್ನು ಹಗ್ಗದಿಂದ ಮೇಲೆತ್ತಿ ಸಾಬೂನಿನ ನೀರು ಹಚ್ಚಿದೆವು. ವಾಶರಿನ ಸುತ್ತ ಗುಳ್ಳೆಗಳು ಒಂದರ ಮೇಲೊಂದು ಎದ್ದವು. ವಾಡಿಗೆ ಹೋಗಿ ಖಾದರಭಾಯಿಗೆ ಉಳಿದ ಅರ್ಧ ಬೆಲೆ ಕೊಡಲು ಕೈ ಚಾಚಿದರೆ, "ಪೈಸಾ ಇರ್ಲಿ ಬಿಡ್ರಿ, ಆದ್ಮಿ ಉಳದನಲ್ಲ," ಎಂದು ಚಹಾ ತರಿಸಿದ.

ಈಗ ಹಗೇವಿಗೆ ಮಣ್ಣು ತುಂಬಿದೆ. ಶಹಾಬಾದಿನವನಿಗೂ ಖುದ್ದಾಗಿ ಹೋಗಿ ಕೈಮುಗಿದು ಹೇಳಿಬಂದೆ. ಪೀಪಾಯಿ ಕಿಟಕಿಯಿರುವ ಕೋಣೆಯಲ್ಲಿದೆ, ಕರೆಂಟು ಸೊರಗಿದರೆ ಮಲ್ಲಣ್ಣ ಬಾಟಲಿ ಮಾರುತ್ತಾನೆ. ಇವತ್ತು ಬೆಳಗ್ಗೆ ಹೋಗಿ ಪೆಟ್ಟಿಗೆಯನ್ನು ಗೋಡೆಗೆ ಮಂಡಿಯೆತ್ತರದಲ್ಲಿ ಹಾಕಿಬಂದೆ. ಎದೆಯೆತ್ತರಕ್ಕೆ ಹಾಕಿದರೆ ನೋಡಲು ಚೆಂದ, ಆದರೆ ಅದು ಕೂಗುವ ಹೊತ್ತಿಗೆ ತಡವಾಗಿರುತ್ತದೆ. ಸುವರ್ಣಾ ಗಲ್ಲಾಪೆಟ್ಟಿಗೆಯಿಂದಲೇ, "ಅಣ್ಣಾರ, ಇದರ ರೇಟಿಗೂ ಭಾಳ ಜಗ್ಗ್ಯಾಡಿದ್ರೇನು?" ಎಂದಳು. ಇಲ್ಲವೆಂದೆ. ಅವಳು ನಂಬಲಿಲ್ಲ.

ನೀವು ಬೀರು ಮಾರುವವರೋ, ಸೋಡಾ ಮಾಡುವವರೋ, ಗೊಬ್ಬರದ ಗುಂಡಿ ತೆಗೆಸುವವರೋ ನನಗೆ ಗೊತ್ತಿಲ್ಲ. ಆದರೂ ಕೇಳಿಕೊಳ್ಳಿ. ಗ್ಯಾಸು ಲೆಕ್ಕಕ್ಕಿಂತ ಮೊದಲು ಮುಗಿದರೆ ಮಾರಿದವನನ್ನು ಬೈಯುವ ಮುನ್ನ ನಿಮ್ಮ ಕೋಣೆಯ ಬಾಗಿಲು ತೆರೆಯಿರಿ. ಸಿಲಿಂಡರನ್ನು ತಗ್ಗಿನಲ್ಲಿ, ಮುಚ್ಚಿದ ಜಾಗದಲ್ಲಿ ಇಡಬೇಡಿ, ಎಷ್ಟೇ ತಂಪಿರಲಿ. ದೀಪ ಬಿಟ್ಟು ನೋಡುವ ಪದ್ಧತಿ ಒಳ್ಳೆಯದೇ, ಆದರೆ ಅದರ ಮಾತನ್ನು ಸರಿಯಾಗಿ ತಿಳಿಯಿರಿ. ದೀಪ ಆರಿತೆಂದರೆ ಇಳಿಯಬೇಡ ಎಂದರ್ಥ. ಉರಿಯಿತೆಂದರೆ ಇಳಿ ಎಂದರ್ಥವಲ್ಲ, ಏಕೆಂದರೆ ದೀಪ ಆರುವ ಮುಂಚೆಯೇ ಮನುಷ್ಯ ಆರಿಬಿಡಬಹುದು. ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು. ತಗ್ಗಿನಲ್ಲಿ ನಿಮ್ಮವರು ಬಿದ್ದದ್ದು ಕಂಡರೆ ಹಿಂದೆಯೇ ಹಾರಬೇಡಿ. ಕೂಗಿ, ಗಾಳಿ ಬಿಡಿ, ಹಗ್ಗ ಹುಡುಕಿ. ಕಾಲು ತಾನಾಗಿಯೇ ಏಣಿಯ ಮೇಲೆ ಹೋಗುತ್ತದೆ, ನನಗೆ ಗೊತ್ತು. ನನ್ನ ಹಿಂದೆ ಸುವರ್ಣಾ ಇದ್ದಳು. ನಿಮ್ಮ ಹಿಂದೆ ಯಾರೂ ಇಲ್ಲದಿದ್ದರೆ, ನಿಮ್ಮ ಕಾಲರನ್ನು ನೀವೇ ಹಿಡಿದುಕೊಳ್ಳಿ.